ಚೀನಾದ ಹಳೆಯ ಚಿನ್ನದ ತಲೆಒಡವೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಕಸುಬಿನವು ಕೊನೆಗೆ. ಓದುವ ಮುಂಚೆ ಒಂದೇ ಸಲಹೆ: ಮ್ಯೂಸಿಯಂ ಫೋಟೋದಲ್ಲಿ ಮುಂದಿನ ಹೂವು, ಹಕ್ಕಿ ನೋಡಿ ಮುಗಿಸಬೇಡಿ, ಹಿಂದಿನ ಕಡ್ಡಿ ನೋಡಿ. ಒಡವೆ ತಲೆಯ ಯಾವ ಭಾಗದ್ದು, ಯಾವ ಕಡೆಯಿಂದ ಚುಚ್ಚುತ್ತಿದ್ದರು, ಯಾವ ಕಾಲದ ತುರುಬಿಗೆ ಮಾಡಿದ್ದು ಎಂಬುದನ್ನೆಲ್ಲ ಹೇಳುವುದು ಆ ಕಡ್ಡಿಯೇ.

## ಶುರುವಿನ ಪ್ರಶ್ನೆಗಳು

ಎಲ್ಲಾ ಹೇರ್‌ಪಿನ್ನೇ ತಾನೇ, ಇಷ್ಟೊಂದು ಹೆಸರು ಯಾಕೆ?

ಮುಖ್ಯವಾದವು ನಾಲ್ಕೈದೇ. ಒಂದೇ ಕಡ್ಡಿಯದ್ದು ಝಾನ್. ಇದರ ಹಳೆಯ ಹೆಸರು ಜಿ. ಎರಡು ಕವಲಿನದ್ದು ಚಾಯ್. ತೂಗಾಡುವ ಎಲೆ ಅಥವಾ ಮುತ್ತಿನ ಎಳೆ ಇದ್ದರೆ ಬುಯಾವೊ, ಅಂದರೆ ‘ಹೆಜ್ಜೆಗೆ ಅಲುಗುವುದು’. ಬಾಚಣಿಗೆ ಶು, ಹಣೆಯ ಮೇಲೆ ಅಥವಾ ಕೂದಲಲ್ಲಿ ಕೂರಿಸುವ ಹೂಬಿಲ್ಲೆ ದ್ಯಾನ್.

ಝಾನ್‌ಗೂ ಚಾಯ್‌ಗೂ ಇರುವ ವ್ಯತ್ಯಾಸ ಬರೀ ಆಕಾರದ್ದಲ್ಲ. ಒಂಟಿ ಕಡ್ಡಿಯ ತುದಿಗೆ ಭಾರವಾದ ಹೂವಿಟ್ಟರೆ ಕಡ್ಡಿ ಕೂದಲೊಳಗೆ ತನ್ನಷ್ಟಕ್ಕೆ ತಿರುಗಿ ಹೂವು ಜೋತುಬೀಳುತ್ತದೆ. ಎರಡು ಕವಲಿದ್ದರೆ ತಿರುಗುವುದಿಲ್ಲ. ಟಾಂಗ್ ರಾಜವಂಶದ ಕಾಲದಲ್ಲಿ (618–907) ತುರುಬು ಎತ್ತರವಾಗುತ್ತಾ ಹೋದಂತೆ ಉದ್ದುದ್ದ ಚಾಯ್‌ಗಳು ಹೆಚ್ಚಿದ್ದು ಸುಮ್ಮನೆ ಅಲ್ಲ. ಚಾಯ್‌ನ ಎರಡು ಕವಲು ಮುರಿದು, ಅಗಲುವ ಪ್ರೇಮಿಗಳು ಒಂದೊಂದು ಇಟ್ಟುಕೊಳ್ಳುವ ಮಾತು ಟಾಂಗ್ ಕಾವ್ಯಗಳಲ್ಲಿ ಬರುತ್ತದೆ. ಒಂಟಿ ಕಡ್ಡಿಯಲ್ಲಿ ಆ ಉಪಮೆ ಹುಟ್ಟುತ್ತಲೇ ಇರಲಿಲ್ಲ.

ಇದು ಹೆಂಗಸರ ಒಡವೆ ಮಾತ್ರಾನಾ? ಗಂಡಸರು ಹಾಕ್ತಿರಲಿಲ್ವಾ?

ಹಾಕುತ್ತಿದ್ದರು. ಗಂಡಸರೂ ಉದ್ದ ಕೂದಲು ಬಿಟ್ಟು ನೆತ್ತಿಯ ಮೇಲೆ ಗಂಟು ಕಟ್ಟುತ್ತಿದ್ದರು. ಅದರ ಮೇಲಿನ ಕಿರೀಟ ಜಾರದಂತೆ ಅಡ್ಡಲಾಗಿ ಒಂದು ಕಡ್ಡಿ ಬೇಕೇ ಬೇಕಿತ್ತು. ಹಳೆಯ ವಿಧಿಗ್ರಂಥಗಳ ಪ್ರಕಾರ ಹುಡುಗನಿಗೆ 20ಕ್ಕೆ ಕಿರೀಟಧಾರಣೆ, ಹುಡುಗಿಗೆ 15ಕ್ಕೆ ಕೂದಲು ಎತ್ತಿಕಟ್ಟಿ ಕಡ್ಡಿ ಚುಚ್ಚುವ ಶಾಸ್ತ್ರ. ‘ಕಡ್ಡಿಯ ವಯಸ್ಸಿಗೆ ಬಂದಳು’ ಎಂದರೆ ಮದುವೆಗೆ ಬಂದಳು ಎಂದೇ ಅರ್ಥ.

ಚಿನ್ನದ ಕೆಲಸದಲ್ಲಿ ಅತಿ ನಯದ ತಲೆಒಡವೆಗಳಲ್ಲೊಂದು ಗಂಡಸಿನದ್ದೇ. ಬೀಜಿಂಗ್ ಹೊರವಲಯದ ಡಿಂಗ್‌ಲಿಂಗ್ ಸಮಾಧಿಯಲ್ಲಿ (ಉತ್ಖನನ 1956–58) ಸಿಕ್ಕ ಮಿಂಗ್ ರಾಜವಂಶದ ವಾನ್‌ಲಿ ಚಕ್ರವರ್ತಿಯ ಕಿರೀಟವನ್ನು ಸುಮಾರು 0.2 ಮಿ.ಮೀ. ದಪ್ಪದ 518 ಚಿನ್ನದ ಎಳೆಗಳಿಂದ ಬಲೆಯಂತೆ ನೇಯ್ದಿದ್ದಾರೆ. ತೂಕ 826 ಗ್ರಾಂ. ಬಲೆಯ ಎದುರಿಗೆ ನಿಂತರೆ ಆಚೆಯ ಗೋಡೆ ಕಾಣುತ್ತದೆ.

ಚೀನಾದವರಿಗೆ ಜೇಡ್ ಕಲ್ಲು ಅಂದ್ರೆ ಪ್ರಾಣ ಅಂತಾರೆ. ಹಾಗಾದ್ರೆ ಚಿನ್ನ ಯಾವಾಗ ತಲೆಗೇರಿತು?

ತಡವಾಗಿ, ಅದೂ ಬಹಳಷ್ಟು ಉತ್ತರದ ಕಡೆಯಿಂದ. 1976ರಲ್ಲಿ ಆನ್ಯಾಂಗ್‌ನಲ್ಲಿ ತೆರೆದ ಶಾಂಗ್ ರಾಜವಂಶದ ರಾಣಿ ಫು ಹಾವ್‌ಳ ಸಮಾಧಿಯಲ್ಲಿ (ಸುಮಾರು ಕ್ರಿ.ಪೂ. 1200) 490ಕ್ಕೂ ಹೆಚ್ಚು ಮೂಳೆಯ ಕಡ್ಡಿಗಳಿದ್ದವು, ಜೇಡ್ ಕಡ್ಡಿಗಳು 28. ಅದೇ ಶಾಂಗ್ ಯುಗದ ಚಿನ್ನದ ಕಡ್ಡಿಯೊಂದು 1977ರಲ್ಲಿ ಬೀಜಿಂಗ್‌ನ ಪಿಂಗ್‌ಗು ಪ್ರದೇಶದ ಲಿಯುಜಿಯಾಹೆಯಲ್ಲಿ ಸಿಕ್ಕಿತು: 27.7 ಸೆಂ.ಮೀ. ಉದ್ದ, 108.7 ಗ್ರಾಂ. ಅದರ ಮೇಲೆ ಒಂದು ಗೀರಿನ ಅಲಂಕಾರವೂ ಇಲ್ಲ. ಜೊತೆಗೆ ಸಿಕ್ಕ ತೋಳ್ಬಳೆ, ಓಲೆಗಳು ಉತ್ತರದ ಹುಲ್ಲುಗಾವಲಿನ ಮಾದರಿಯವು. ನಡುನಾಡಿನಲ್ಲಿ ಚಿನ್ನ ತನ್ನದೇ ಬೆಲೆಯ ಲೋಹವಾಗಿ ಬೆಳೆದದ್ದು ಅಲ್ಲಿಂದ ಬಹುಕಾಲದ ಮೇಲೆ.

ನಮ್ಮ ಜಡೆಬಿಲ್ಲೆ, ರಾಗಟೆಗೂ ಇದಕ್ಕೂ ಏನಾದ್ರೂ ನಂಟಿದೆಯಾ?

ನೇರ ನಂಟಿಲ್ಲ. ನಮ್ಮ ಜಡೆಬಿಲ್ಲೆ, ಜಡೆನಾಗರ ಇಳಿಬಿಟ್ಟ ಹೆರಳಿನ ಮೇಲೆ ಮಲಗುವ ಒಡವೆಗಳು, ದಾರ ಅಥವಾ ಕೊಕ್ಕೆಯಿಂದ ನಿಲ್ಲುತ್ತವೆ. ಚೀನಾದವು ಎತ್ತಿಕಟ್ಟಿದ ತುರುಬಿಗೆ ಚುಚ್ಚಿ ನಿಲ್ಲುವವು. ಹಾಗಾಗಿ ನಮ್ಮಲ್ಲಿ ಬಿಲ್ಲೆಯ ಮುಖಕ್ಕೆ ಮಹತ್ವ, ಅಲ್ಲಿ ಕಡ್ಡಿಯ ಕೋನಕ್ಕೆ.

## ಕಾಲ, ಶೈಲಿ, ಕಟ್ಟಳೆ

ಬುಯಾವೊ ನಿಜವಾಗ್ಲೂ ನಡೆದಾಗ ಅಲ್ಲಾಡುತ್ತಿತ್ತಾ, ಇಲ್ಲಾ ಕವಿಗಳು ಕಟ್ಟಿದ ಮಾತಾ?

ಅಲ್ಲಾಡುವಂತೆಯೇ ಮಾಡಿದ್ದರು. ಹಾನ್ ರಾಜವಂಶದ ಕಾಲದ ಉಡುಪಿನ ಕಟ್ಟಳೆಯಲ್ಲಿ ಪಟ್ಟದರಾಣಿ ಪೂರ್ವಜರ ಗುಡಿಗೆ ಹೋಗುವಾಗ ತೊಡುವ ಬುಯಾವೊದ ವರ್ಣನೆ ಇದೆ: ಚಿನ್ನದ ಬೆಟ್ಟದಾಕಾರದ ಪೀಠ, ಬಿಳಿ ಮುತ್ತು ಪೋಣಿಸಿದ ಕೊಂಬೆಗಳು, ಒಂಬತ್ತು ಹೂವು, ಕರಡಿ ಹುಲಿ ಮುಂತಾದ ಆರು ಮೃಗಗಳು.

ಮಣ್ಣಿನಿಂದ ಎದ್ದ ಚೆಂದದ ಮಾದರಿಗಳು ಮಾತ್ರ ಉತ್ತರದ ಶಿಯಾನ್‌ಬೆಯ್ ಜನರವು. 1981ರಲ್ಲಿ ಒಳ ಮಂಗೋಲಿಯಾದ ದರ್ಹಾನ್ ಮುಮಿಂಗಾನ್ ಪ್ರದೇಶದಲ್ಲಿ ಸಿಕ್ಕ ಒಡವೆಗಳಲ್ಲಿ ಕೆಲವಕ್ಕೆ ಕುದುರೆಯ ತಲೆ, ಕೆಲವಕ್ಕೆ ಎತ್ತಿನ ತಲೆ. ತಲೆ ಯಾವುದಾದರೂ ಮೇಲೆ ಬೆಳೆದದ್ದು ಜಿಂಕೆಯ ಕೊಂಬು! ಒಂದೊಂದು ಕವಲಿನ ತುದಿಯನ್ನೂ ಪುಟ್ಟ ಉಂಗುರವಾಗಿ ಸುತ್ತಿ, ಅದಕ್ಕೆ ತೆಳು ತಗಡಿನ ಎಲೆ ನೇತುಹಾಕಿದ್ದಾರೆ. ಉಂಗುರದ ಬಿಗಿಯೇ ಇಲ್ಲಿ ಮುಖ್ಯ. ಉಂಗುರ ತೀರಾ ಬಿಗಿಯಾದರೆ ಎಲೆ ಒಂದೇ ಕೋನದಲ್ಲಿ ಸಿಕ್ಕಿಕೊಳ್ಳುತ್ತದೆ. ಸಡಿಲವಾದರೆ ಎಲೆಯ ತೂತು ಸವೆದು ಹರಿದು ಉದುರುತ್ತದೆ. ಉತ್ಖನನಗಳಲ್ಲಿ ಬಿಡಿ ಎಲೆಗಳು ಅಷ್ಟೊಂದು ಸಿಗಲು ಇದೂ ಕಾರಣ.

ಲಿಯಾವೊನಿಂಗ್ ಪ್ರಾಂತದ ಬೆಯ್‌ಪಿಯಾವ್‌ನಲ್ಲಿರುವ ಉತ್ತರ ಯಾನ್ ಅರಸನ ತಮ್ಮ ಫೆಂಗ್ ಸುಫುವಿನ ಸಮಾಧಿಯಲ್ಲೂ (ಕ್ರಿ.ಶ. 415) ಇಂಥ ಎಲೆಯ ಕಿರೀಟಭಾಗ ಸಿಕ್ಕಿದೆ. ಇನ್ನೂ ಪಶ್ಚಿಮಕ್ಕೆ ಹೋದರೆ ಅಫ್ಘಾನಿಸ್ತಾನದ ಟಿಲ್ಯಾ ಟೆಪೆಯ ಒಂದನೇ ಶತಮಾನದ ಚಿನ್ನದ ಕಿರೀಟ ಇದೇ ಕುಟುಂಬದ್ದು. ಬಿಚ್ಚಿ, ಮಡಿಸಿ ಒಯ್ಯಲು ಬರುವ ಕಿರೀಟ ಅದು. ಗುಡಾರದಲ್ಲಿ ಬದುಕುವವರ ಜಾಣತನ.

ಟಾಂಗ್ ಕಾಲದ ಸೀರಿಯಲ್‌ಗಳಲ್ಲಿ ದಾಸಿಯ ತಲೆಯಲ್ಲೂ ಚಿನ್ನ ಹೊಳೆಯುತ್ತೆ. ಅಷ್ಟೊಂದು ಚಿನ್ನ ಇತ್ತಾ?

ಇರಲಿಲ್ಲ. ಬೆಳ್ಳಿ, ಚಿನ್ನದ ನೀರು ಕುಡಿಸಿದ ಬೆಳ್ಳಿ, ತಾಮ್ರ, ಮೂಳೆ, ಮರ ಇವುಗಳದ್ದೇ ರಾಜ್ಯ. 1982ರಲ್ಲಿ ಜಿಯಾಂಗ್ಸು ಪ್ರಾಂತದ ಡಿಂಗ್‌ಮಾವ್‌ಚಿಯಾವ್‌ನಲ್ಲಿ ನೆಲದಡಿ ಸಿಕ್ಕ ಟಾಂಗ್ ನಿಧಿಯಲ್ಲಿ 950ಕ್ಕೂ ಹೆಚ್ಚು ಬೆಳ್ಳಿ ವಸ್ತುಗಳಿದ್ದವು. ಅವುಗಳಲ್ಲಿ 760 ಬೆಳ್ಳಿ ಚಾಯ್‌ಗಳು.

ಚಿನ್ನ ಬಳಸಿದಾಗಲೂ ಕೈಬಿಗಿ ಹಿಡಿಯುತ್ತಿದ್ದರು. 1983ರಲ್ಲಿ ಯಾಂಗ್‌ಝೌನಲ್ಲಿ ಸಿಕ್ಕ ಚಿನ್ನದ ಬಾಚಣಿಗೆ ಅಂಗೈಗಿಂತ ಅಗಲ, ತೂಕ ಮಾತ್ರ ಸುಮಾರು 65 ಗ್ರಾಂ. ಒಂದೇ ತೆಳು ತಗಡನ್ನು ಕತ್ತರಿಸಿ, ಕೊರೆದು, ಮೇಲೆ ವಾದ್ಯ ನುಡಿಸುವ ಇಬ್ಬರು ಅಪ್ಸರೆಯರನ್ನು ಬಿಡಿಸಿದ್ದಾರೆ. ಹಲ್ಲುಗಳೂ ಅದೇ ತಗಡಿನವು. ಅದರಿಂದ ತಲೆ ಬಾಚಿದರೆ ಮೊದಲ ಎಳೆತಕ್ಕೇ ಹಲ್ಲು ಬಾಗುತ್ತದೆ. ತುರುಬಿನ ಮುಂದೆ ಸಿಕ್ಕಿಸಲು ಮಾಡಿದ ಬಾಚಣಿಗೆ ಅದು.

ಇಷ್ಟ ಬಂದವರು ಇಷ್ಟ ಬಂದಷ್ಟು ಚಿನ್ನ ತೊಡಬಹುದಿತ್ತಾ?

ಕಾಗದದ ಮೇಲೆ ಇಲ್ಲ. 1370ರ ಮಿಂಗ್ ಆಜ್ಞೆಯ ಪ್ರಕಾರ ಸಾಮಾನ್ಯ ಮನೆಯ ಹೆಂಗಸರ ತಲೆಒಡವೆ, ಬಳೆಗಳಿಗೆ ಚಿನ್ನ, ಜೇಡ್, ಮುತ್ತು, ಮಿಂಚುಳ್ಳಿ ಗರಿ ನಿಷಿದ್ಧ. ಬೆಳ್ಳಿಗೆ ಮಾತ್ರ ಪರವಾನಗಿ. ಅದಕ್ಕೂ ಮುಂಚೆ, 1049ರಲ್ಲಿ, ಸಾಂಗ್ ಆಸ್ಥಾನ ಇಳಿದದ್ದು ಅಳತೆಗೆ: ಕಿರೀಟದ ಎತ್ತರ ನಾಲ್ಕು ಚುನ್ ಮೀರಬಾರದು, ಅಗಲ ಒಂದು ಚಿ ಮೀರಬಾರದು, ಬಾಚಣಿಗೆ ನಾಲ್ಕು ಚುನ್‌ಗಿಂತ ಉದ್ದ ಇರಬಾರದು, ಕೊಂಬಿನಿಂದ ಮಾಡಬಾರದು. ಹತ್ತು ಚುನ್ ಸೇರಿದರೆ ಒಂದು ಚಿ, ಅಂದರೆ ಸುಮಾರು 31 ಸೆಂ.ಮೀ. ಬಾಚಣಿಗೆಯ ಉದ್ದಕ್ಕೆ ಸರ್ಕಾರ ಕಾನೂನು ಮಾಡಬೇಕಾಯಿತು ಎಂದರೆ ಬೀದಿಯಲ್ಲಿ ಏನು ನಡೆಯುತ್ತಿತ್ತು ಎಂದು ಊಹಿಸಿಕೊಳ್ಳಿ. ಮಿಂಗ್ ಕೊನೆಗಾಲಕ್ಕೆ ಬೆಳ್ಳಿಯ ನಿಯಮವನ್ನೂ ದುಡ್ಡಿದ್ದವರು ಗಾಳಿಗೆ ತೂರಿದ್ದರು.

ಮಿಂಗ್ ಸೆಟ್‌ನಲ್ಲಿ ಹತ್ತಾರು ತುಂಡುಗಳಿವೆ. ಯಾವುದು ಎಲ್ಲಿಗೆ ಅಂತ ಹೇಗೆ ಗೊತ್ತಾಗುತ್ತೆ?

ಕಡ್ಡಿ ತಲೆಭಾಗಕ್ಕೆ ಯಾವ ಕೋನದಲ್ಲಿ ಸೇರಿದೆ ನೋಡಿ, ಅರ್ಧ ಕೆಲಸ ಮುಗಿಯಿತು.

ಮಿಂಗ್ ಕಾಲದ (1368–1644) ಮದುವೆಯಾದ ಹೆಣ್ಣು ತುರುಬಿನ ಮೇಲೆ ದೀಜಿ ಎಂಬ ಶಂಕುವಿನಾಕಾರದ ಬಲೆಟೋಪಿ ಕೂರಿಸುತ್ತಿದ್ದಳು. ಅದು ಕೂದಲಿನದ್ದಾಗಿರಬಹುದು, ಬೆಳ್ಳಿ ಅಥವಾ ಚಿನ್ನದ ತಂತಿಯದ್ದಾಗಿರಬಹುದು. ಮೊದಲು ಅದರ ಬುಡದಲ್ಲಿ ಎರಡೂ ಪಕ್ಕದಿಂದ ಸಣ್ಣ ಕಡ್ಡಿ ಚುಚ್ಚಿ ಬಿಗಿ ಮಾಡಬೇಕು. ಇದು ಸರಿಯಾಗದಿದ್ದರೆ ಮುಂದಿನದೆಲ್ಲ ವಾಲುತ್ತದೆ. ಆಮೇಲೆ ಮುಂಭಾಗದ ನಟ್ಟನಡುವೆ ತಿಯಾವ್‌ಶಿನ್, ಅಂದರೆ ಸೆಟ್ಟಿನ ನಾಯಕಮಣಿ. ಅದರ ಮೇಲೆ ಬುದ್ಧ, ಬೋಧಿಸತ್ವ, ಪುರಾಣದ ಫೀನಿಕ್ಸ್ ಹಕ್ಕಿ ಸಾಮಾನ್ಯ. ಇದರ ಕಡ್ಡಿ ಹಿಂಬದಿಗೆ ಬಾಗಿರುತ್ತದೆ, ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಟೋಪಿಯ ಅಂಚಿಗೆ ಬಿಲ್ಲಿನಂತೆ ಬಾಗಿದ ಪಟ್ಟಿ. ಕಪಾಲದ ಎರಡೂ ಬದಿಗೆ ಮೋಡದಾಕಾರದ ಯಾನ್‌ಬಿನ್ ಜೋಡಿ. ಇವನ್ನೂ ತಲೆಕೆಳಗಾಗಿ, ಚೂಪುತುದಿ ಮೇಲಕ್ಕೆ ಮಾಡಿ ಚುಚ್ಚುತ್ತಾರೆ. ಹಿಂಬದಿಗೆ ಅಗಲವಾದ ಮಾನ್‌ಗ್ವಾನ್, ನೆತ್ತಿಗೆ ನೆಟ್ಟಗೆ ಇಳಿಯುವ ಡಿಂಗ್‌ಝಾನ್. ಉಳಿದ ಸಂದುಗಳಿಗೆ ಹೂವು, ಹುಳುಗಳ ಪುಟ್ಟ ಜೋಡಿ ಪಿನ್‌ಗಳು.

ಮಾರುಕಟ್ಟೆಯ ಹೊಸ ಸೆಟ್‌ಗಳಲ್ಲಿ ಕಾಣುವ ದೊಡ್ಡ ತಪ್ಪೆಂದರೆ ಎಲ್ಲಾ ಕಡ್ಡಿಗಳೂ ಒಂದೇ ಥರ ನೇರ. ಹಾಗಿದ್ದರೆ ಯಾನ್‌ಬಿನ್‌ನ ಮೋಡ ತಲೆಕೆಳಗಾಗಿ ಕಾಣುತ್ತದೆ.

ಹುಳು, ಹಲ್ಲಿ, ಜೀರುಂಡೆ ಎಲ್ಲ ತಲೆಯ ಮೇಲೆ ಯಾಕೆ?

ಮಾತಿನ ಆಟ. ಚೀನೀ ಭಾಷೆಯಲ್ಲಿ ಬಾವಲಿ ‘ಫು’, ಭಾಗ್ಯವೂ ‘ಫು’. ಸುಝೌ ಬಳಿಯ ವೂಫೆಂಗ್ ಬೆಟ್ಟದ ಮಿಂಗ್ ಸಮಾಧಿಯಲ್ಲಿ 1954ರಲ್ಲಿ ಸಿಕ್ಕ ಪಿನ್ನಿನ ಮೇಲೆ ಬಿಳಿ ಜೇಡ್ ಎಲೆ, ಎಲೆಯ ಮೇಲೆ ರೆಕ್ಕೆ ಎತ್ತಿದ ಚಿನ್ನದ ಜೀರುಂಡೆ. ರಾಜವಂಶದ ಕುಡಿಗೆ ‘ಚಿನ್ನದ ಕೊಂಬೆ, ಜೇಡ್ ಎಲೆ’ ಎನ್ನುವ ನುಡಿಗಟ್ಟಿದೆ, ಕೊಂಬೆಯ ಜಾಗದಲ್ಲಿ ಜೀರುಂಡೆ ಕೂತಿದೆ. ಅದೀಗ ನಾನ್‌ಜಿಂಗ್ ಮ್ಯೂಸಿಯಂನಲ್ಲಿದೆ. ಫೀನಿಕ್ಸ್ ಪಿನ್‌ಗಳು ಸಾಮಾನ್ಯವಾಗಿ ಎದುರುಬದುರು ನೋಡುವ ಜೋಡಿ. ಒಂದೇ ಕಂಡರೆ ಅದರ ಜೊತೆಗಾರ ಕಳೆದುಹೋಗಿದೆ ಎಂದು ತಿಳಿಯಬಹುದು.

## ಕಸುಬಿನ ಒಳಗುಟ್ಟು

ಟೊಳ್ಳಾದ ಚಿನ್ನದ ಹಕ್ಕಿಯನ್ನ ತಂತಿಯಿಂದ ಹೇಗೆ ಕಟ್ಟುತ್ತಾರೆ? ಒಳಗೆ ಏನೂ ಇಲ್ಲವಲ್ಲ!

ಒಳಗೆ ಇತ್ತು, ಸುಟ್ಟುಹೋಯಿತು. ತಂತಿಕೆಲಸಕ್ಕೆ ಚೀನಾದಲ್ಲಿ ಹ್ವಾಸಿ ಎನ್ನುತ್ತಾರೆ. ಕಟಕ್‌ನ ಬೆಳ್ಳಿ ತಂತಿಕೆಲಸ ತಾರಕಸಿ ನೋಡಿದವರಿಗೆ ತಳಪಾಯ ಗೊತ್ತೇ ಇದೆ. ಚಿನ್ನದ ಕಡ್ಡಿಯನ್ನು ಕಂಬಚ್ಚಿನ ದೊಡ್ಡ ತೂತಿನಿಂದ ಸಣ್ಣ ತೂತಿಗೆ ಎಳೆಯುತ್ತಾ ಹೋಗಬೇಕು. ನಡುನಡುವೆ ಕಾಯಿಸಿ ಮೆತ್ತಗೆ ಮಾಡದಿದ್ದರೆ ತಂತಿ ಗಡುಸಾಗಿ ತುಂಡಾಗುತ್ತದೆ. ಎರಡು ಎಳೆ ಹುರಿ ಮಾಡಿ, ಹುರಿಯನ್ನು ಚಪ್ಪಟೆ ಮಾಡಿದರೆ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು ಮೂಡುತ್ತವೆ. ಬೆಳಕು ಚೂರಾಗಿ ಮಿನುಗುವುದು ಆ ಹಲ್ಲುಗಳಿಂದ.

ಟೊಳ್ಳು ಆಕಾರಕ್ಕೆ ಇದ್ದಿಲ ಪುಡಿಯನ್ನು ಬೈಜಿ ಎಂಬ ಆರ್ಕಿಡ್ ಗೆಡ್ಡೆಯ ಅಂಟಿನಲ್ಲಿ ಕಲಸಿ ಹಕ್ಕಿಯ ಮೈ ಮಾಡುತ್ತಾರೆ. ಒಣಗಿದ ಮೇಲೆ ಅದರ ಮೇಲೆ ಸುರುಳಿ ಸುರುಳಿಯಾಗಿ ತಂತಿ ಅಂಟಿಸಿ, ಬೆಸುಗೆಯ ಪುಡಿಯನ್ನು ಬಿಳಿಗಾರದ ಜೊತೆ ಉದುರಿಸಿ ಬೆಂಕಿಗೆ ಹಿಡಿಯುತ್ತಾರೆ. ಬೆಸುಗೆ ಹರಿದು ತಂತಿಗಳು ಒಂದಾಗುತ್ತವೆ, ಇದ್ದಿಲು ಉರಿದು ಬೂದಿಯಾಗುತ್ತದೆ.

ಕೆಡುವುದು ಮೂರು ಕಡೆ. ಅಚ್ಚು ಪೂರ್ತಿ ಒಣಗದಿದ್ದರೆ ಒಳಗಿನ ಹಬೆ ತಂತಿಯನ್ನು ಎಬ್ಬಿಸುತ್ತದೆ. ಬೆಸುಗೆ ಜಾಸ್ತಿಯಾದರೆ ಹಲ್ಲುಗಳ ಸಂದು ತುಂಬಿ ಮಿನುಗು ಸಾಯುತ್ತದೆ. ಬೆಂಕಿ ಒಂದು ಕ್ಷಣ ಜಾಸ್ತಿಯಾದರೆ ತಂತಿಯೇ ಗುಂಡಾಗಿ ಕೂರುತ್ತದೆ, ಅದನ್ನು ಬಿಡಿಸುವ ವಿದ್ಯೆ ಇಲ್ಲ. ಹಲವು ಬೆಸುಗೆ ಬೇಕಾದ ಒಡವೆಗೆ ಮೊದಲು ಹೆಚ್ಚು ಉಷ್ಣಕ್ಕೆ ಕರಗುವ ಬೆಸುಗೆ, ಆಮೇಲಾಮೇಲೆ ಕಡಿಮೆಯದ್ದು. ಇಲ್ಲವಾದರೆ ಬಾಲ ಕೂರಿಸುವಾಗ ರೆಕ್ಕೆ ಬೀಳುತ್ತದೆ. ಜಿಯಾಂಗ್ಶಿ ಪ್ರಾಂತದ ನಾನ್‌ಚೆಂಗ್‌ನ ಮಿಂಗ್ ರಾಜಕುಮಾರರ ಸಮಾಧಿಗಳಲ್ಲಿ ಸಿಕ್ಕ ಪಿನ್‌ಗಳ ಮೇಲೆ ಮಹಡಿ, ಕಂಬ, ಮನುಷ್ಯರಿರುವ ಪೂರಾ ಮಂಟಪಗಳೇ ನಿಂತಿವೆ. ಅವನ್ನು ನೋಡುವಾಗ ಈ ಲೆಕ್ಕ ನೆನಪಿರಲಿ.

ಪಿನ್ನಿನ ಮೇಲೆ ಕೊರೆದ ಅಕ್ಷರಗಳಲ್ಲಿ ಏನಿರುತ್ತೆ?

ಹೆಚ್ಚಾಗಿ ಅಂಗಡಿಯ ಅಥವಾ ಕಸುಬಿನವನ ಗುರುತು. ಆದರೆ ಅರಮನೆಯ ಒಡವೆ ರಸೀದಿಯನ್ನು ಮೈಮೇಲೆಯೇ ಹೊತ್ತಿರುತ್ತದೆ.

ಹುಬೆಯ್ ಪ್ರಾಂತದ ಝಾಂಗ್‌ಶಿಯಾಂಗ್‌ನಲ್ಲಿ 2001ರಲ್ಲಿ ತೆರೆದ ಲಿಯಾಂಗ್ ರಾಜಕುಮಾರನ (ಮರಣ 1441) ಸಮಾಧಿಯಲ್ಲಿ ಚಿನ್ನದ ಫೀನಿಕ್ಸ್ ಪಿನ್‌ಗಳಿವೆ. ಅವುಗಳ ಮೇಲಿನ ಬರಹವನ್ನು ಬಿಡಿಸಿದರೆ ಹೀಗೆ: ಅರಮನೆಯ ಬೆಳ್ಳಿಕೆಲಸದ ಶಾಲೆ, ಯಾಂಗ್‌ಲೆ ಚಕ್ರವರ್ತಿಯ ಆಳ್ವಿಕೆಯ 22ನೇ ವರ್ಷದ (1424) ಹತ್ತನೇ ತಿಂಗಳಲ್ಲಿ ಮಾಡಿದ್ದು, ಹತ್ತಕ್ಕೆ ಒಂಬತ್ತು ಶುದ್ಧಿಯ ಚಿನ್ನ ಎರಡು ಲಿಯಾಂಗ್, ಮೇಲೆ ಬೆಸುಗೆ ಎರಡು ಫೆನ್. ಇಲ್ಲಿ ಲಿಯಾಂಗ್ ಎಂದರೆ ತೂಕದ ಅಳತೆ, ಆಗ ಸುಮಾರು 37 ಗ್ರಾಂ, ಅದರ ನೂರನೇ ಒಂದು ಪಾಲು ಫೆನ್. ಅಂದರೆ 74 ಗ್ರಾಂ ಚಿನ್ನಕ್ಕೆ ಮುಕ್ಕಾಲು ಗ್ರಾಂ ಬೆಸುಗೆ, ನೂರಕ್ಕೆ ಒಂದು. ಶುದ್ಧಿ ನಮ್ಮ 22 ಕ್ಯಾರೆಟ್‌ಗಿಂತ ಒಂದು ಕೂದಲೆಳೆ ಕಡಿಮೆ. ಬೆಸುಗೆಯಲ್ಲಿ ಚಿನ್ನ ಕದಿಯುವುದು ಎಲ್ಲಾ ಊರಿನ ಹಳೇ ದೂರು. ಅರಮನೆ ಅದನ್ನು ಬೇರೆಯಾಗಿ ಬರೆಸಿಯೇ ಬಾಯಿ ಮುಚ್ಚಿಸಿದಂತಿದೆ.

ಅದೇ ಸಮಾಧಿಯ ಚಿನ್ನದ ಗಟ್ಟಿಯ ಮೇಲೆ ‘ಯಾಂಗ್‌ಲೆ 17 (1419), ಪಶ್ಚಿಮ ಸಾಗರದ ಕಡೆಗಳಲ್ಲಿ ಕೊಂಡದ್ದು’ ಎಂದಿದೆ. ಮಿಂಗ್ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ನಮ್ಮ ಪಕ್ಕದ ಕಲ್ಲಿಕೋಟೆಗೆ ಬಂದುಹೋಗುತ್ತಿದ್ದ ಕಾಲ ಅದು.

ಫೀನಿಕ್ಸ್ ಕಿರೀಟ ಹೊತ್ತರೆ ಕುತ್ತಿಗೆ ಉಳಿಯುತ್ತಾ?

ಡಿಂಗ್‌ಲಿಂಗ್‌ನ ನಾಲ್ಕು ಫೀನಿಕ್ಸ್ ಕಿರೀಟಗಳಲ್ಲಿ, ಅಂದರೆ ರಾಣಿಯರ ಕಿರೀಟಗಳಲ್ಲಿ, ಹೆಸರಾದದ್ದು ಒಂಬತ್ತು ಡ್ರ್ಯಾಗನ್, ಒಂಬತ್ತು ಫೀನಿಕ್ಸ್‌ಗಳದ್ದು, ಈಗ ಚೀನಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ತೂಕ 2,320 ಗ್ರಾಂ. ಪೂರ್ತಿ ಚಿನ್ನ ಎಂದುಕೊಂಡವರಿಗೆ ಇದು ಕಡಿಮೆ ಎನಿಸಬೇಕು. ಒಳಗಿನ ಹಂದರ ಬಿದಿರು, ಮೇಲೆ ಅರಗೆಣ್ಣೆ ಮತ್ತು ರೇಷ್ಮೆ. ಚಿನ್ನ ಇರುವುದು ತಂತಿಯ ಡ್ರ್ಯಾಗನ್‌ಗಳಲ್ಲಿ. ಫೀನಿಕ್ಸ್‌ಗಳ ನೀಲಿ ಮಿಂಚುಳ್ಳಿ ಗರಿಯದ್ದು. ಎರಡೂ ಕಾಲು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಹೊತ್ತು ವಿಧಿ ಮುಗಿಯುವ ತನಕ ನೆಟ್ಟಗೆ ನಿಲ್ಲುವುದು ಸಾಧ್ಯ, ಸುಖ ಅಲ್ಲ.

ಆ ನೀಲಿ ಗರಿ ನೂರಾರು ವರ್ಷ ಮಾಸದೆ ಇರೋದು ಹೇಗೆ?

ಅದು ಬಣ್ಣವಲ್ಲ, ಗರಿಯ ಒಳರಚನೆ ಬೆಳಕನ್ನು ಚೆದುರಿಸುವ ರೀತಿ. ಹಾಗಾಗಿ ಬಟ್ಟೆಯ ಬಣ್ಣದಂತೆ ಹಾರುವುದಿಲ್ಲ, ತಿರುಗಿಸಿದರೆ ನೀಲಿ ಹಸಿರಿಗೆ ಜಾರುತ್ತದೆ. ದ್ಯಾನ್‌ತ್ಸ್ವೇ ಎನ್ನುವ ಈ ಕೆಲಸದಲ್ಲಿ ಚಿನ್ನದ ನೀರಿನ ತಗಡಿಗೆ ತಂತಿಯ ಅಂಚು ಕಟ್ಟಿ, ಒಳಗೆ ಅಂಟು ಸವರಿ, ಅಳತೆಗೆ ಕತ್ತರಿಸಿದ ಗರಿಯನ್ನು ಒಂದೇ ದಿಕ್ಕಿಗೆ ಕೂರಿಸುತ್ತಾರೆ. ಕೆಡುವುದು ಅಂಟಿನಿಂದ ಮತ್ತು ಹುಳುವಿನಿಂದ. ಬೆರಳಿನಿಂದ ಒಮ್ಮೆ ಹಿಮ್ಮುಖವಾಗಿ ಸವರಿದರೂ ಎಳೆಗಳು ಎದ್ದುಬಿಡುತ್ತವೆ. ಈಗ ಹಕ್ಕಿಯನ್ನು ಕೊಲ್ಲದೆ ಬಣ್ಣ ಕಟ್ಟಿದ ಬಾತಿನ ಗರಿ ಅಥವಾ ರೇಷ್ಮೆ ಪಟ್ಟಿ ಬಳಸುತ್ತಾರೆ.

‘ಚಿನ್ನದ್ದು’ ಅಂತ ಬರೆದಿದ್ದು ನಿಜಕ್ಕೂ ಚಿನ್ನವೋ, ಬರೀ ಮುಲಾಮೋ?

ಸವೆಯುವ ಜಾಗ ನೋಡಿ: ಕಡ್ಡಿಯ ತುದಿ, ಉಂಗುರದ ಒಳಮೈ, ಹಿಂಬದಿಯ ಅಂಚು. ಅಲ್ಲಿ ಹಸಿರು ಕಂಡರೆ ಒಳಗೆ ತಾಮ್ರ, ಕಪ್ಪು ಕಂಡರೆ ಬೆಳ್ಳಿ. ಹಳೆಯ ಮುಲಾಮು ಪಾದರಸದ್ದು. ರೂಢಿಯ ಲೆಕ್ಕದಲ್ಲಿ ಮೂರು ಪಾಲು ಚಿನ್ನವನ್ನು ಏಳು ಪಾಲು ಪಾದರಸದಲ್ಲಿ ಕರಗಿಸಿ, ಬೆಣ್ಣೆಯಂತಾದದ್ದನ್ನು ಸವರಿ, ಕಾಯಿಸಿ, ಪಾದರಸ ಹಾರಿದ ಮೇಲೆ ತಿಕ್ಕಿ ಹೊಳಪು ಕೊಡುತ್ತಿದ್ದರು. ಆ ಹೊಗೆ ವಿಷ. ಇದನ್ನು ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ.

ಮಣ್ಣಲ್ಲಿ ಚೂರುಚೂರಾದ ಕಿರೀಟವನ್ನ ಮತ್ತೆ ಹೇಗೆ ಕೂಡಿಸ್ತಾರೆ?

ಚೂರುಗಳನ್ನು ಹೆಕ್ಕುವುದಿಲ್ಲ. ಮಣ್ಣಿನ ಹೆಂಟೆಯನ್ನೇ ಇಡಿಯಾಗಿ ಕತ್ತರಿಸಿ, ಗಟ್ಟಿಗೊಳಿಸಿ ಪ್ರಯೋಗಾಲಯಕ್ಕೆ ಒಯ್ದು, ಎಕ್ಸ್‌ರೇ ತೆಗೆದು ಯಾವ ಹೂವು ಯಾವುದರ ಪಕ್ಕ ಬಿದ್ದಿದೆ ಎಂದು ನಕ್ಷೆ ಮಾಡಿಕೊಳ್ಳುತ್ತಾರೆ. ದಾರ, ಬಟ್ಟೆ, ಮರ ಕೊಳೆತುಹೋಗಿರುವುದರಿಂದ ಬಿದ್ದ ಜಾಗವೇ ಉಳಿದಿರುವ ಏಕೈಕ ಪುರಾವೆ. ಶಿಆನ್‌ನಲ್ಲಿ 2001ರಲ್ಲಿ ಸಿಕ್ಕ ಟಾಂಗ್ ರಾಜಕುಮಾರಿ ಲಿ ಚ್ವೇಯ (ಮರಣ 736) ಕಿರೀಟ ಚೀನಾ ಮತ್ತು ಜರ್ಮನಿಯ ತಜ್ಞರ ಕೈಯಲ್ಲಿ ಹೀಗೆ ನಿಂತಿತು. 2013ರಲ್ಲಿ ಯಾಂಗ್‌ಝೌನಲ್ಲಿ ಸಿಕ್ಕ ಸುಯಿ ರಾಜವಂಶದ ರಾಣಿ ಶಿಯಾವೊಳ ಕಿರೀಟವನ್ನೂ ಹೆಂಟೆಯಾಗಿಯೇ ಎತ್ತಿದರು. ಅದರ ಹಂದರ ಚಿನ್ನದ್ದಲ್ಲ, ಮುಲಾಮಿನ ತಾಮ್ರದ್ದು.

ಆನ್‌ಲೈನ್‌ನಲ್ಲಿ ‘ಮಿಂಗ್ ಚಿನ್ನದ ಪಿನ್’ ಮಾರ್ತಿದ್ದಾರೆ. ತಗೊಳ್ಳಲಾ?

ಬೇಡ. 1911ಕ್ಕಿಂತ ಹಿಂದಿನ ಪುರಾವಸ್ತುಗಳನ್ನು ಚೀನಾದಿಂದ ಹೊರಗೊಯ್ಯುವುದು ತಾತ್ವಿಕವಾಗಿ ನಿಷಿದ್ಧ. ಹಾಗಾಗಿ ನಿಜವಾದದ್ದಾದರೆ ಕಾಗದಪತ್ರದ ತೊಡಕು, ನಕಲಿಯಾದರೆ ದುಡ್ಡು ಹೋಯಿತು. ನಕಲಿ ಬೇಗ ಸಿಕ್ಕಿಬೀಳುವುದು ಹರಳಿನಲ್ಲಿ. ಮಿಂಗ್ ಕೆಂಪು, ನೀಲಿಗಳು ಮುಖ ಕತ್ತರಿಸದ, ಸೊಟ್ಟಪಟ್ಟ, ಬರೀ ಉಜ್ಜಿದ ಕಲ್ಲುಗಳು. ಕೆಲವದರಲ್ಲಿ ಹಿಂದೆ ಬೇರೆಲ್ಲೋ ಪೋಣಿಸಿದ್ದ ತೂತೂ ಇರುತ್ತದೆ. ಎಲ್ಲವೂ ಒಂದೇ ಅಳತೆಯ, ಮುಖ ಕತ್ತರಿಸಿದ ಹರಳಾದರೆ ಮುಂದೆ ನೋಡುವುದೇ ಬೇಡ. ಎರಕದ ನಕಲಿನಲ್ಲಿ ಗೆರೆಗಳ ಅಂಚು ಸೋಪಿನಂತೆ ಮೊಂಡಾಗಿರುತ್ತದೆ, ತೂಕವೂ ಜಾಸ್ತಿ.

ನಾಟಕಕ್ಕೆ ಹಿತ್ತಾಳೆಯಲ್ಲಿ ಮಾಡಿಸಬೇಕು. ಏನೇನು ಹೇಳಬೇಕು ನಮ್ಮ ಕೆಲಸದವರಿಗೆ?

ಮೊದಲು ತುರುಬು ಕಟ್ಟಿಸಿ, ಆಮೇಲೆ ಅಳತೆ ಕೊಡಿ. ಕಡ್ಡಿ ತುರುಬನ್ನು ಹಾಯ್ದು ಆಚೆ ಎರಡು ಸೆಂ.ಮೀ. ಬರಬೇಕು. ಎಲೆ, ದಳಗಳಿಗೆ 0.3 ಮಿ.ಮೀ. ತಗಡು ಸಾಕು. ಕಡ್ಡಿಗೆ 2 ಮಿ.ಮೀ. ತಂತಿ. ದುಂಡಗಿನ ಕಡ್ಡಿ ತಿರುಗುತ್ತದೆ, ಆದ್ದರಿಂದ ಸುತ್ತಿಗೆಯಿಂದ ಸ್ವಲ್ಪ ಚಪ್ಪಟೆ ಮಾಡಿಸಿ ಅಥವಾ ಎರಡು ಕವಲು ಮಾಡಿಸಿ.

ಎಲ್ಲರೂ ಎಡವುವುದು ಬೆಸುಗೆಯಲ್ಲಿ. ಕಾದ ಹಿತ್ತಾಳೆ ಮೆತ್ತಗಾಗುತ್ತದೆ. ಬೆಸೆದ ಮೇಲೆ ಹಾಗೇ ಬಿಟ್ಟರೆ ಕಡ್ಡಿ ಎರಡನೇ ಅಂಕಕ್ಕೆ ಬಾಗಿರುತ್ತದೆ. ಬೆಸುಗೆ ಆರಿದ ಮೇಲೆ ಕಡ್ಡಿಯನ್ನು ಅಡಿಗಲ್ಲಿನ ಮೇಲೆ ಹಗುರವಾಗಿ ಬಡಿದು ಮತ್ತೆ ಗಡುಸು ಮಾಡಿಸಬೇಕು. ತುದಿ ಚೂಪಾಗಿದ್ದರೆ ತಲೆಗೆ ಚುಚ್ಚುತ್ತದೆ, ಅಕ್ಕಿಕಾಳಿನಷ್ಟು ಮೊಂಡು ಮಾಡಿಸಿ. ತೂಗಾಡುವ ಎಲೆಗಳ ಉಂಗುರದ ಬಾಯಿಯನ್ನೂ ಬೆಸೆಯಲು ಹೇಳಿ. ಬರೀ ಮುಚ್ಚಿದ ಉಂಗುರದೊಳಗೆ ಕೂದಲು ಸಿಕ್ಕಿಕೊಂಡರೆ ಪಾತ್ರಧಾರಿ ವೇದಿಕೆಯ ಮೇಲೆ ಕತ್ತು ತಿರುಗಿಸುವ ಹಾಗಿಲ್ಲ.